ತೂಕ ಇಳಿಸೋ ಸರ್ಜರಿ ಆದ್ಮೇಲೆ ಕುಡಿತ ಯಾಕೆ ಹತ್ಕೊಳತ್ತೆ: ನನ್ನ ಓದಿನ ಟಿಪ್ಪಣಿ

ಈ ಟಾಪಿಕ್ ಓದೋಕೆ ಕೂತಾಗ ನಾನೂ ಎಲ್ಲರ ಥರಾನೇ ಅಂದ್ಕೊಂಡಿದ್ದೆ, ಮೊದಲು ತಿನ್ನೋ ಚಟ ಇತ್ತು, ಹೊಟ್ಟೆ ಚಿಕ್ಕದು ಮಾಡಿದ್ರು, ಚಟ ಬಾಟ್ಲಿ ಕಡೆ ತಿರುಗ್ತು ಅಷ್ಟೇ ಅಂತ. ಇದಕ್ಕೆ ಅಡಿಕ್ಷನ್ ಟ್ರಾನ್ಸ್‌ಫರ್ ಅಂತ ಹೆಸರೂ ಇದೆ. ಕೇಳೋಕೆ ಚೆನ್ನಾಗಿದೆ, ಆದ್ರೆ ಪೂರ್ತಿ ಕಥೆ ಅದಲ್ಲ. ಮೊದಲು ಹೊಟ್ಟೆಯೊಳಗಿನ ಪೈಪ್‌ಲೈನ್ ನೋಡೋಣ, ಮನಸ್ಸಿನ ವಿಷ್ಯ ಆಮೇಲೆ.

ಮಾಮೂಲಿ ಜಠರದಲ್ಲಿ ಕುಡಿದದ್ದು ಸ್ವಲ್ಪ ಹೊತ್ತು ನಿಲ್ಲತ್ತೆ. ಕೆಳಗಡೆ ಪೈಲೋರಸ್ ಅನ್ನೋ ಬಾಗಿಲಿದೆ, ಅದು ಸ್ವಲ್ಪ ಸ್ವಲ್ಪವೇ ಸಣ್ಣ ಕರುಳಿಗೆ ಬಿಡತ್ತೆ, ಅಷ್ಟರಲ್ಲಿ ಜಠರದ ಗೋಡೇಲಿರೋ ಆಲ್ಕೋಹಾಲ್ ಡಿಹೈಡ್ರೋಜಿನೇಸ್ ಎಂಜೈಮ್ ಒಂಚೂರನ್ನ ಒಡೆದೂ ಹಾಕಿರತ್ತೆ. ತೂಕ ಇಳಿಸೋ ಸರ್ಜರಿಗಳಲ್ಲಿ ಒಂದಾದ ಗ್ಯಾಸ್ಟ್ರಿಕ್ ಬೈಪಾಸ್‌ನಲ್ಲಿ ಬಳಕೆಗೆ ಉಳಿಯೋದು ಸುಮಾರು 30 ಎಂಎಲ್ ಚೀಲ, ಅದನ್ನ ನೇರ ಕರುಳಿಗೇ ಜೋಡಿಸಿರ್ತಾರೆ, ಬಾಗಿಲೂ ಇಲ್ಲ ತಡೆಯೂ ಇಲ್ಲ. ಹಂಗಾಗಿ ಹತ್ತು ನಿಮಿಷದ ಆಸುಪಾಸಲ್ಲೇ ರಕ್ತದಲ್ಲಿ ಆಲ್ಕೋಹಾಲ್ ತುತ್ತತುದಿಗೆ ಹೋಗತ್ತೆ. ಬೈಪಾಸ್ ಆದ ಹೆಂಗಸರ ಮೇಲೆ ಮಾಡಿದ 2015ರ ಒಂದು ಸ್ಟಡೀಲಿ ಎರಡು ಡ್ರಿಂಕ್ ಅವರಿಗೆ ನಾಲ್ಕು ಕುಡಿದಷ್ಟು ಏರಿತ್ತು.

ಸ್ಲೀವ್ ಅನ್ನೋ ಇನ್ನೊಂದು ಸರ್ಜರೀಲಿ ಜಠರದ 75ರಿಂದ 80% ತೆಗೆದುಬಿಡ್ತಾರೆ ಆದ್ರೆ ಪೈಲೋರಸ್ ಉಳಿಯತ್ತೆ, ಅದಕ್ಕೇ ಇದು ಸೇಫ್ ಅಂತ ಒಂದು ನಂಬಿಕೆ ಇತ್ತು. ಉಸಿರಿನ ಟೆಸ್ಟ್ ನಂಬ್ಕೊಂಡ್ರೆ ಹಾಗೇ ಅನ್ಸತ್ತೆ, ರಕ್ತ ತೆಗೆದು ಅಳೆದಾಗ ಸ್ಲೀವ್ ಆದವರಲ್ಲೂ ಅದೇ ಕಡಿದಾದ ಏರಿಕೆ ಕಾಣಿಸ್ತು.

ಬೇಗ ಏರಿದ್ರೆ ಏನೀಗ ಅಂತ ಕೇಳ್ಬೋದು. ಸಿಗರೇಟು ಮತ್ತೆ ನಿಕೋಟಿನ್ ಪ್ಯಾಚ್ ನೆನಪಿಸ್ಕೊಳ್ಳಿ, ಎರಡರಲ್ಲೂ ಇರೋದು ಅದೇ ನಿಕೋಟಿನ್, ಆದ್ರೆ ಸಿಗರೇಟಿನದು ಸೆಕೆಂಡುಗಳಲ್ಲಿ ಮಿದುಳು ಮುಟ್ಟತ್ತೆ, ಪ್ಯಾಚಿನದು ಗಂಟೆಗಟ್ಟಲೆ ಜಿನುಗತ್ತೆ, ಜನಕ್ಕೆ ಚಟ ಹತ್ತೋದು ಯಾವುದರದು? ಅದೇ ಲೆಕ್ಕ ಇಲ್ಲೂ. ಬರೀ ಸ್ಪೀಡ್ ಅಷ್ಟೇ ಅಲ್ಲ ಅನ್ನೋದಕ್ಕೂ ಸುಳಿವಿದೆ: ಬೈಪಾಸ್ ಮಾಡಿದ ಇಲಿಗಳಿಗೆ ಹೊಟ್ಟೆ ದಾಟಿಸಿ ನೇರ ರಕ್ತನಾಳಕ್ಕೇ ಆಲ್ಕೋಹಾಲ್ ಸಿಗೋ ಹಾಗೆ ಮಾಡಿದಾಗ್ಲೂ ಅವು ಬೇರೆ ಇಲಿಗಳಿಗಿಂತ ಜಾಸ್ತಿ ತಗೊಂಡ್ವು. ಅಂದ್ರೆ ಮಿದುಳಲ್ಲೂ ಏನೋ ಬದಲಾಗತ್ತೆ.

ಈಗ ಟ್ರಾನ್ಸ್‌ಫರ್ ಥಿಯರಿಗೆ ಬರೋಣ. ಈ ಸರ್ಜರಿ ಆದವರನ್ನ ವರ್ಷಗಟ್ಟಲೆ ಗಮನಿಸಿದ ಅಮೆರಿಕದ ಲ್ಯಾಬ್ಸ್-2 ಸ್ಟಡಿ, 2012ರಲ್ಲಿ ಜಾಮಾ ಅನ್ನೋ ವೈದ್ಯಕೀಯ ಪತ್ರಿಕೇಲಿ ಬಂದದ್ದು, ಇದರ ನಂಬರ್ ನೆನಪಿಟ್ಕೊಳ್ಳಿ: ಕುಡಿತದ ಸಮಸ್ಯೆ ಸರ್ಜರಿಗೆ ಮುಂಚಿನ ವರ್ಷ 7.6%, ಮೊದಲ ವರ್ಷ 7.3%, ಎರಡನೇ ವರ್ಷ 9.6%. ತಿನ್ನೋದು ಕಟ್ ಆಗಿದ್ದಕ್ಕೇ ಕುಡಿತ ಬಂತು ಅನ್ನೋದಾದ್ರೆ, ತೀರಾ ಕಮ್ಮಿ ತಿನ್ನೋ ಮೊದಲ ವರ್ಷದಲ್ಲೇ ಏರಬೇಕಿತ್ತಲ್ವಾ? ಇನ್ನೊಂದು, ಜಠರದ ಮೇಲ್ಭಾಗಕ್ಕೆ ಪಟ್ಟಿ ಬಿಗಿಯೋ ಬ್ಯಾಂಡ್ ಸರ್ಜರಿ ಮಾಡಿದ್ರೂ ಊಟ ಕಮ್ಮಿ ಆಗತ್ತೆ, ಪೈಪ್‌ಲೈನ್ ಮಾತ್ರ ಬದಲಾಗಲ್ಲ, ಬ್ಯಾಂಡ್‌ಗಿಂತ ಬೈಪಾಸ್ ಆದವರಲ್ಲಿ ಈ ಸಮಸ್ಯೆಯ ಸಾಧ್ಯತೆ ಸುಮಾರು ಎರಡರಷ್ಟು. 2017ರ ಫಾಲೋಅಪ್‌ನಲ್ಲಿ ಮುಂಚೆ ಸಮಸ್ಯೆನೇ ಇಲ್ದಿದ್ದ ಬೈಪಾಸ್ ಪೇಷಂಟ್‌ಗಳಲ್ಲಿ 20.8% ಜನಕ್ಕೆ ಐದು ವರ್ಷದೊಳಗೆ ಲಕ್ಷಣ ಬಂದಿತ್ತು, ಬ್ಯಾಂಡ್‌ನವರಲ್ಲಿ 11.3%. ಗಂಡಸರು, ಚಿಕ್ಕ ವಯಸ್ಸಿನವರು, ಸಿಗರೇಟು ಸೇದೋರು, ಮೊದಲಿಂದ್ಲೂ ರೆಗ್ಯುಲರ್ ಆಗಿ ಕುಡಿಯೋರಿಗೆ ರಿಸ್ಕ್ ಹೆಚ್ಚು.

ನನ್ನ ಪ್ರಕಾರ ಜೀವ ಹಿಂಡೋ ಭಾಗ ಈ ಟೈಮಿಂಗೇ. ಮೊದಲ ವರ್ಷ ಸರ್ಜನ್, ಡಯಟೀಷಿಯನ್, ಮನೆಯವರು ಎಲ್ಲರೂ ಕಣ್ಣಿಟ್ಟಿರ್ತಾರೆ, ತೂಕ ಇಳಿತಿದ್ದ ಹಾಗೆ ಎಲ್ಲರಿಗೂ ನಿರಾಳ, ಎರಡನೇ ವರ್ಷಕ್ಕೆ ಅಪಾಯಿಂಟ್‌ಮೆಂಟ್ ತಪ್ಪಿಸೋದು ಶುರು, ಕುಡಿತ ಏರೋದೂ ಆಗ್ಲೇ. ಆಮೇಲೆ ಯಾರಾದ್ರೂ ಕೇಳಿದ್ರೆ "ನಾನು ಎರಡೇ ಪೆಗ್ ಕುಡಿಯೋದು" ಅಂತಾರೆ, ಪಾಪ ಅದು ಸುಳ್ಳೂ ಅಲ್ಲ! ಆಡಿಟ್ ಅನ್ನೋ ಹತ್ತು ಪ್ರಶ್ನೆಯ ಸ್ಕ್ರೀನಿಂಗ್‌ನಲ್ಲಿ 8 ಅಥವಾ ಮೇಲೆ ಬಂದ್ರೆ ಎಚ್ಚರಿಕೆ, ಆದ್ರೆ ಅದರ ಶುರುವಿನ ಪ್ರಶ್ನೆಗಳು ಎಷ್ಟು, ಎಷ್ಟು ಸಲ ಅಂತ ಇರೋದ್ರಿಂದ ಇವರ ಸ್ಕೋರ್ ಕಮ್ಮಿ ಕಾಣ್ಬೋದು. ಎಷ್ಟು ಕುಡಿದ್ರಿ ಅನ್ನೋದಕ್ಕಿಂತ ಕುಡಿದ್ಮೇಲೆ ಏನಾಯ್ತು, ರಾತ್ರಿದು ನೆನಪಿದ್ಯಾ, ಬಿದ್ರಾ, ಬೆಳಿಗ್ಗೆ ಕೆಲಸಕ್ಕೆ ಹೋದ್ರಾ ಅಂತ ಕೇಳೋದು ವಾಸಿ. ಮಾನಸಿಕ ಕಾಯಿಲೆ ಗುರುತಿಸೋ ಕೈಪಿಡಿ ಡಿಎಸ್‌ಎಂ-5 ಲೆಕ್ಕದಲ್ಲಿ 11 ಲಕ್ಷಣಗಳಲ್ಲಿ ಒಂದು ವರ್ಷದೊಳಗೆ ಎರಡು ಕಂಡ್ರೂ ಕುಡಿತದ ಸಮಸ್ಯೆ ಇದೆ ಅನ್ನೋಕೆ ಸಾಕು.

ಚೇತರಿಕೆ ವಿಷ್ಯ. ದಿನಾ ಕುಡಿಯೋರು ಛಲಕ್ಕೆ ಬಿದ್ದು ಒಬ್ಬರೇ ಮನೇಲಿ ದಿಢೀರ್ ಬಿಡಬಾರದು, ನಿಲ್ಲಿಸಿದ 6ರಿಂದ 48 ಗಂಟೇಲಿ ಫಿಟ್ಸ್ ಬರ್ಬೋದು, ಎರಡು ಮೂರು ದಿನಕ್ಕೆ ಡೆಲಿರಿಯಂ ಟ್ರೆಮೆನ್ಸ್, ಅಂದ್ರೆ ನಡುಕ, ಭ್ರಮೆ, ತೀವ್ರ ಗೊಂದಲ. ಜೊತೆಗೆ ಥಯಾಮಿನ್, ಅಂದ್ರೆ ಬಿ1. ಸರ್ಜರಿಯಿಂದ್ಲೂ ಕಮ್ಮಿ ಆಗತ್ತೆ, ಕುಡಿತದಿಂದ್ಲೂ ಕಮ್ಮಿ ಆಗತ್ತೆ, ಎರಡೂ ಸೇರಿದ್ರೆ ವರ್ನಿಕೆ ಅನ್ನೋ ಮಿದುಳಿನ ತೊಂದರೆ ಬರ್ಬೋದು: ಗೊಂದಲ, ಕಣ್ಣುಗುಡ್ಡೆ ಸರಿಯಾಗಿ ತಿರುಗದೆ ಇರೋದು, ನಡೆಯುವಾಗ ತೂರಾಟ. ನೋಡಿದವರು ಕುಡಿದಿದ್ದಾನೆ ಬಿಡು ಅಂದ್ಬಿಡ್ತಾರೆ. ಬೈಪಾಸ್ ಆದವರಿಗೆ ಊಟ ಆಗಿ ಒಂದರಿಂದ ಮೂರು ಗಂಟೇಲಿ ಶುಗರ್ ಬೀಳೋದೂ ಇದೆ, ಅದೂ ನೋಡೋಕೆ ಅಮಲಿನ ಥರಾನೇ, ಅದಕ್ಕೇ ಶುಗರ್ ಚೆಕ್ ಮಾಡದೆ ತೀರ್ಮಾನ ಬೇಡ.

ಕುಡಿತ ಬಿಡಿಸೋಕೆ ಕೊಡೋ ಔಷಧಿಗಳು ಮಾಮೂಲಿನವೇ, ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್. ಅಕಾಂಪ್ರೊಸೇಟ್ ನಿಧಾನಕ್ಕೆ ಕರಗೋ ಮಾತ್ರೆ, ದಾರಿ ಬದಲಾದ ಕರುಳಲ್ಲಿ ಅದು ಎಷ್ಟು ಸೇರತ್ತೆ ಅಂತ ಡಾಕ್ಟರ್ ಯೋಚ್ನೆ ಮಾಡ್ಬೇಕಾಗತ್ತೆ, ನಾಲ್ಟ್ರೆಕ್ಸೋನ್‌ಗೆ ತಿಂಗಳಿಗೊಮ್ಮೆ ಕೊಡೋ 380 ಎಂಜಿ ಇಂಜೆಕ್ಷನ್ ಇರೋದ್ರಿಂದ ಹೊಟ್ಟೆಯ ಗೊಡವೆ ಇಲ್ಲ. ಕೌನ್ಸೆಲಿಂಗೂ ಬೇಕು, 1935ರಿಂದ ನಡೀತಿರೋ ಎಎ (ಆಲ್ಕೋಹಾಲಿಕ್ಸ್ ಅನಾನಿಮಸ್) ಥರದ, ಕುಡಿತ ಬಿಡೋರು ಒಬ್ಬರಿಗೊಬ್ಬರು ನೆರವಾಗೋ ಗುಂಪುಗಳೂ ಸುಮಾರು ಜನಕ್ಕೆ ಆಸರೆ. ಅಲ್ಲಿ ಕೆಲವರಿಗೆ "ನಾನು ಅಷ್ಟೇನೂ ಕುಡೀತಿರ್ಲಿಲ್ಲ" ಅನ್ನೋ ಸಂಕೋಚ ಇರತ್ತೆ, ಮೇಲಿನ ಹತ್ತು ನಿಮಿಷದ ಲೆಕ್ಕ ಅವರಿಗೆ ಬಿಡಿಸಿ ಹೇಳಿದ್ರೆ ಅರ್ಧ ಭಾರ ಇಳಿಯತ್ತೆ ಅಂತ ನನಗನ್ಸತ್ತೆ.

ಕೇಸ್ ಹಿಸ್ಟರಿ ಬರೆಯೋರಿಗೆ ಕೊನೇದಾಗಿ: ಕುಡಿತದ ಪೇಷಂಟ್ ಬಂದಾಗ ಹೊಟ್ಟೆಗೆ ಯಾವ ಸರ್ಜರಿ ಆಗಿದೆ, ಯಾವ ವರ್ಷ ಅಂತ ಮೊದಲ ಪುಟದಲ್ಲೇ ಬರ್ಕೊಳ್ಳಿ. ಐದಾರು ವರ್ಷ ಹಿಂದಿಂದು ಅಂತ ಅವರಾಗೇ ಹೇಳದೆ ಬಿಟ್ಟಿರ್ತಾರೆ.