ಬಸುರಿಯ ಬಂಗು, ಬಿಳುಪಿನ ಕ್ರೀಮು

ಏಳನೇ ತಿಂಗಳಲ್ಲಿ ಕುಬಸ ಇಟ್ಟುಕೊಂಡಿರುತ್ತಾರೆ. ಹಸಿರು ಸೀರೆ, ಹಸಿರು ಬಳೆ ತಂದಾಗಿರುತ್ತದೆ. ಆದರೆ ಬಸುರಿಯ ಎರಡೂ ಕೆನ್ನೆ ಮೇಲೆ ಕಂದು ಬಂಗು. ಫೋಟೊದಲ್ಲಿ ಚೆಂದ ಕಾಣಬೇಕಲ್ವಾ? “ಇದನ್ನ ಹಚ್ಕೊ ತಂಗಿ, ಎಂಟ ದಿನದಾಗ ಹೊಕ್ಕೈತಿ” ಎಂದು ಯಾರೋ ಒಂದು ಡಬ್ಬಿ ಕೈಗಿಡುತ್ತಾರೆ. ಹುಬ್ಬಳ್ಳಿಯಾಗಲಿ, ಗದಗಾಗಲಿ, ಕುಬಸದ ಮನೆಗಳಿಗೆ ಇದು ಹೊಸದಲ್ಲ.

ಬಂಗು ರೋಗವಲ್ಲ. ಬಸುರಿನಲ್ಲಿ ಈಸ್ಟ್ರೊಜೆನ್, ಪ್ರೊಜೆಸ್ಟರಾನ್ ಹಾರ್ಮೋನು ಏರಿ ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಜಾಸ್ತಿ ತಯಾರಾಗುತ್ತದೆ. ಬಿಸಿಲು ಬಿದ್ದರೆ ಇನ್ನಷ್ಟು ಕಪ್ಪು. ಹೆರಿಗೆಯಾದ ಕೆಲವು ತಿಂಗಳಲ್ಲಿ ಬಹಳ ಜನರಿಗೆ ತಾನಾಗಿಯೇ ತಿಳಿಯಾಗುತ್ತದೆ.

ಮುಖಕ್ಕೆ ಹಚ್ಚಿದ್ದೆಲ್ಲ ಮಗುವಿಗೆ ಹೋಗುತ್ತದೆ ಅಂತ ಹೆದರುವುದು ಬೇಡ. ಚರ್ಮದ ಮೇಲ್ಪದರ ಬಹಳಷ್ಟನ್ನು ಹೊರಗೇ ತಡೆಯುತ್ತದೆ. ಬಂಗು ತಿಳಿಯಾಗಿಸಲು ಹಚ್ಚುವ ಹೈಡ್ರೊಕ್ವಿನೋನ್ ಮಾತ್ರ ಹಾಗಲ್ಲ. ಹಚ್ಚಿದ್ದರಲ್ಲಿ ಶೇ. 35ರಿಂದ 45ರಷ್ಟು ಮೈಯೊಳಗೆ ಸೇರಬಲ್ಲದು. ಅದಕ್ಕೇ ವೈದ್ಯರು ಬಸುರಿನಲ್ಲಿ ಬೇಡ ಅನ್ನುತ್ತಾರೆ. ಬಂಗಿಗೆ ಹಚ್ಚುವ ಇನ್ನೊಂದು ಔಷಧಿ ಟ್ರೆಟಿನಾಯಿನ್ ಒಳಹೋಗುವುದು ಬಹಳ ಕಡಿಮೆ. ಆದರೂ ಅದರ ಬಳಗದ, ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್ ಮಾತ್ರೆ ನುಂಗಿದ ತಾಯಂದಿರ ಮಕ್ಕಳಲ್ಲಿ ಹೃದಯ, ಮಿದುಳು, ಕಿವಿಯ ದೋಷ ಕಂಡಿದ್ದರಿಂದ ಟ್ರೆಟಿನಾಯಿನ್ ಕ್ರೀಮನ್ನೂ ಬಿಡಿಸುತ್ತಾರೆ. ಬಂಗಿಗೆಂದು ಮಾರುವ ಎಷ್ಟೋ ಟ್ಯೂಬುಗಳಲ್ಲಿ ಹೈಡ್ರೊಕ್ವಿನೋನ್, ಟ್ರೆಟಿನಾಯಿನ್ ಎರಡೂ ಇರುತ್ತವೆ, ಜೊತೆಗೆ ಸ್ಟಿರಾಯ್ಡ್. ಇದಕ್ಕೆ ಡಾಕ್ಟರ ಚೀಟಿ ಬೇಕು. ಚೀಟಿ ಕೇಳುವವರು ಯಾರು?

ನನಗೆ ಜಾಸ್ತಿ ಭಯ ಹೆಸರು, ವಿಳಾಸ ಇಲ್ಲದ ಡಬ್ಬಿಯದು. ಅದರಲ್ಲಿ ಪಾದರಸ ಇರಬಹುದು. ಮೆಲನಿನ್ ತಯಾರಿಸುವ ಟೈರೊಸಿನೇಸ್ ಕಿಣ್ವವನ್ನು ಪಾದರಸ ತಡೆಯುವುದರಿಂದ ಬಿಳುಪು ನಿಜವಾಗಿಯೂ ಬರುತ್ತದೆ. ಕಷ್ಟ ಇರುವುದೇ ಅಲ್ಲಿ. ಅದು ಚರ್ಮದಿಂದ ಒಳಗಿಳಿದು ಕಿಡ್ನಿಯಲ್ಲಿ ಕೂರುತ್ತದೆ, ಮಾಸು ದಾಟಿ ಮಗುವನ್ನೂ ಮುಟ್ಟಬಲ್ಲದು. ಇಂಥ ಕ್ರೀಮ್ ಹಚ್ಚಿ ಕಿಡ್ನಿ ಕಾಯಿಲೆ ಬಂದವರನ್ನು ಈಚೆಗೆ ಕೇರಳದ ವೈದ್ಯರು ಗುರುತಿಸಿದ್ದಾರೆ. ನಮ್ಮ ದೇಶದಲ್ಲಿ ಮುಖದ ಕ್ರೀಮಿಗೆ ಪಾದರಸ ಬೆರೆಸುವಂತಿಲ್ಲ. ಗೊತ್ತಿಲ್ಲದೆ ಸೇರಿದರೂ 10 ಲಕ್ಷದಲ್ಲಿ 1 ಪಾಲು ಮೀರಬಾರದು.

ಡಬ್ಬಿ ತಿರುಗಿಸಿ ನೋಡಿ. ‘ಕ್ಯಾಲೊಮೆಲ್’, ‘ಮರ್ಕ್ಯುರಿಕ್’ ಎಂದಿದ್ದರೆ ಅದೇ ಪಾದರಸ. ಕೆಲವದರ ಮೇಲೆ ಬಂಗಾರ, ಬೆಳ್ಳಿಗೆ ತಾಗಿಸಬೇಡಿ ಎಂಬ ಎಚ್ಚರಿಕೆ ಇರುತ್ತದೆ. ಪಾದರಸ ಬಂಗಾರದೊಳಗೆ ಬೆರೆತು ಅದನ್ನು ಬೆಳ್ಳಗೆ ಮಾಡಿಬಿಡುತ್ತದೆ, ಅದಕ್ಕೆ. ಒಡವೆಗೆ ಆಗದ್ದು ಕೆನ್ನೆಗೆ ಆಗುತ್ತದಂತೆ!

ಬಂಗಿಗೆ ಸನ್‌ಸ್ಕ್ರೀನ್ ಸಾಕು. ಜಿಂಕ್ ಆಕ್ಸೈಡ್ ಇರುವುದನ್ನು ಕೊಳ್ಳಿ. ಐರನ್ ಆಕ್ಸೈಡ್ ಬೆರೆತ, ಮೈಬಣ್ಣದ್ದು ಸಿಕ್ಕರೆ ಇನ್ನೂ ಒಳ್ಳೆಯದು. ಬಿಸಿಲಿಗೆ ಹೋಗುವಾಗ ತಲೆ ಮೇಲೆ ಸೆರಗು ಇರಲಿ. ಇಷ್ಟಕ್ಕೆ ತಡೆಯದಿದ್ದರೆ ಅಜೆಲೈಕ್ ಆಸಿಡ್ ಎಂಬ ಹಚ್ಚುವ ಔಷಧಿ ಬಗ್ಗೆ ಡಾಕ್ಟರನ್ನು ಕೇಳಿ, ಮೊಡವೆಗೂ ಅದು ನಡೆಯುತ್ತದೆ. ಒಣ ಚರ್ಮಕ್ಕೆ ವ್ಯಾಸಲೀನ್, ಕೊಬ್ಬರಿ ಎಣ್ಣೆ ಧಾರಾಳವಾಗಿ ಹಚ್ಚಬಹುದು. ಹೊಟ್ಟೆ ಮೇಲಿನ ಗೆರೆಗೆ ದುಬಾರಿ ಕ್ರೀಮ್ ಮಾತ್ರ ಸುಮ್ನೆ ದುಡ್ಡು ದಂಡ.

ಇನ್ನು ಗುಳ್ಳೆ ಏನೂ ಇಲ್ಲದೆ ಅಂಗೈ, ಅಂಗಾಲು ಕೆರೆಯತೊಡಗಿದರೆ, ಅದೂ ರಾತ್ರಿ ಜಾಸ್ತಿಯಾದರೆ, ಯಾವ ಕ್ರೀಮನ್ನೂ ಹುಡುಕಬೇಡಿ. ಲಿವರಿನ ತೊಂದರೆ ಇರಬಹುದು. ಮುಂದಿನ ಚೆಕಪ್‌ವರೆಗೆ ಕಾಯದೆ ಮರುದಿನವೇ ಆಸ್ಪತ್ರೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಿ.