ನೀರಿನಡಿಯ ಫಿಟ್ಟಿಂಗ್‌ಗಳಿಗೆ ಸೀಲಂಟ್ ಆರಿಸುವುದು

ಗೋವಾದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಅನೇಕ ದೋಣಿಗಳು ಮಳೆಗಾಲದಲ್ಲೇ ದಡಕ್ಕೆ ಬರುತ್ತವೆ. ವಾಸ್ಕೊ, ಪಣಜಿಯ ಕಡೆ ದೋಣಿ ದುರಸ್ತಿ ಕೆಲಸ ಕಲಿಯುತ್ತಿರುವ ಕನ್ನಡಿಗರು ಸೀಲಂಟ್ ಕೊಳ್ಳುವ ಮುನ್ನ ಎರಡು ವಿಷಯಗಳನ್ನು ಖಚಿತಪಡಿಸಿಕೊಳ್ಳಬೇಕು: ಫಿಟ್ಟಿಂಗ್ (ದೋಣಿಯ ಒಡಲಿನ ರಂಧ್ರಕ್ಕೆ ಕೂರಿಸುವ ವಾಲ್ವಿನಂಥ ಭಾಗ) ಯಾವ ವಸ್ತುವಿನದು, ಅದನ್ನು ಮುಂದೆಂದಾದರೂ ಬಿಚ್ಚಬೇಕಾಗುತ್ತದೆಯೇ. ಯಾವುದು ಹೆಚ್ಚು ಗಟ್ಟಿ ಎಂಬುದು ಆಮೇಲಿನ ಮಾತು, ಏಕೆಂದರೆ ಫಿಟ್ಟಿಂಗನ್ನು ಹಿಡಿದಿಡುವುದು ನಟ್ಟು ಬೋಲ್ಟುಗಳು. ಸೀಲಂಟ್ ನೀರನ್ನು ತಡೆಯುತ್ತದೆ.

ಸೀಲಂಟುಗಳಲ್ಲಿ ಪಾಲಿಯುರೆಥೇನ್ ಎಂಬ ಬಗೆ ಬಲವಾಗಿ ಅಂಟುತ್ತದೆ. ಇದರಲ್ಲಿ 3ಎಂ ಕಂಪನಿಯ 5200ರಂಥವು ಶಾಶ್ವತ ಜೋಡಣೆಗೆಂದೇ ಇರುವುದರಿಂದ, ಬಿಚ್ಚುವಾಗ ಫೈಬರಿನ ಮೇಲಿನ ಜೆಲ್‌ಕೋಟ್ ಎಂಬ ಹೊರಪದರ ಕೂಡ ಕಿತ್ತು ಬರಬಹುದು. ಬದಲಿಸಬೇಕಾದ ವಾಲ್ವಿಗೆ ಅದೇ ತಯಾರಕರ 4200 ಅಥವಾ ಪಾಲಿಸಲ್ಫೈಡ್ ಎಂಬ ಇನ್ನೊಂದು ಬಗೆಯ ಸೀಲಂಟ್ ಮೇಲು ಎಂಬುದು ನನ್ನ ದೃಢ ಅಭಿಪ್ರಾಯ. ಪಾಲಿಸಲ್ಫೈಡ್ ನಿಧಾನವಾಗಿ ಗಟ್ಟಿಯಾಗುತ್ತದೆ, ಆದರೆ ಮರ ಉಬ್ಬಿ ಕುಗ್ಗುವಾಗ ಜೊತೆಗೇ ಬಾಗುತ್ತದೆ, ಕಂಚಿಗೂ ಒಗ್ಗುತ್ತದೆ. ಎಬಿಎಸ್, ಅಕ್ರಿಲಿಕ್, ಪಾಲಿಕಾರ್ಬೊನೇಟ್‌ನಂಥ ಪ್ಲಾಸ್ಟಿಕ್ಕುಗಳಿಗೆ ಮಾತ್ರ ಅದು ಹಾನಿ ಮಾಡುವುದರಿಂದ ಅಲ್ಲಿ ಬಳಸಬಾರದು. ಸಾಮಾನ್ಯ ಸಿಲಿಕೋನನ್ನು ನೀರಿನಡಿ ಹಚ್ಚದಿರುವುದು ಒಳ್ಳೆಯದು: ಅದರ ಹಿಡಿತ ಸಾಲದು, ಉಳಿದ ಪಸೆಯ ಮೇಲೆ ಬಣ್ಣವಾಗಲಿ ಮತ್ತೊಂದು ಸೀಲಂಟಾಗಲಿ ಅಂಟುವುದಿಲ್ಲ.

ಮಳೆಗಾಲದ ವಿಚಾರವನ್ನು ಇಲ್ಲಿ ವಿವರವಾಗಿ ಹೇಳಬೇಕಿದೆ. ಒಂಟಿ ಟ್ಯೂಬಿನ ಪಾಲಿಯುರೆಥೇನ್ ಗಾಳಿಯ ತೇವಾಂಶವನ್ನು ಹೀರಿಕೊಂಡೇ ಗಟ್ಟಿಯಾಗುವುದರಿಂದ, ಗೋವಾದ ತೇವ ಭರಿತ ಗಾಳಿ ಅದಕ್ಕೆ ಅಡ್ಡಿಯಲ್ಲ, ಅನುಕೂಲವೇ. ಆದರೆ ಹಚ್ಚುವ ಮೇಲ್ಮೈ ಒದ್ದೆಯಾಗಿದ್ದರೆ ಅಂಟು ಸರಿಯಾಗಿ ಕೂರದು. ನೀರಿನೊಡನೆ ನಡೆಯುವ ಪ್ರತಿಕ್ರಿಯೆಯಲ್ಲಿ ಇಂಗಾಲದ ಡೈಆಕ್ಸೈಡ್ ಹುಟ್ಟಿ, ಒಳಗೆ ಗುಳ್ಳೆಗಳೂ ಉಳಿಯಬಹುದು. ಆದ್ದರಿಂದ ಹಳೆಯ ಸೀಲಂಟನ್ನು ಪೂರ್ತಿ ಕೆರೆದು, ಆಸಿಟೋನಿನಿಂದ ಒರೆಸಿ, ಅದು ಆವಿಯಾದ ಮೇಲೆ ಹಚ್ಚಬೇಕು. ಸ್ಪಿರಿಟ್ ಬಳಸಬಾರದು, ಏಕೆಂದರೆ ಆಲ್ಕೋಹಾಲ್ ಪಾಲಿಯುರೆಥೇನ್ ಗಟ್ಟಿಯಾಗುವ ಪ್ರತಿಕ್ರಿಯೆಗೇ ಅಡ್ಡಿಪಡಿಸುತ್ತದೆ.

ಒಡಲಿನ ನಡುವೆ ಮರ ಅಥವಾ ಫೋಮಿನ ಪದರವಿದ್ದರೆ, ರಂಧ್ರದ ಸುತ್ತ ಅದನ್ನು ತೆಗೆದು ಎಪಾಕ್ಸಿ (ಗಟ್ಟಿಯಾಗುವ ರಾಳ) ತುಂಬಿದ ಬಳಿಕವೇ ಫಿಟ್ಟಿಂಗ್ ಕೂರಿಸಬೇಕು; ಇಲ್ಲವಾದರೆ ಸಣ್ಣ ಸೋರಿಕೆಯೂ ಆ ಪದರವನ್ನು ಒಳಗೊಳಗೇ ಕೊಳೆಯಿಸುತ್ತದೆ. ಫ್ಲ್ಯಾಂಜಿನ (ಫಿಟ್ಟಿಂಗಿನ ಅಗಲವಾದ ಅಂಚಿನ) ಅಡಿ ಮತ್ತು ರಂಧ್ರದ ಅಂಚಿಗೆ ಸೀಲಂಟ್ ಧಾರಾಳವಾಗಿರಲಿ. ಬಿಗಿಯುವಾಗ ಸುತ್ತಲೂ ಸಮನಾಗಿ ಹೊರಗೆ ಉಕ್ಕಿದರೆ ಎಲ್ಲೂ ಖಾಲಿ ಜಾಗ ಉಳಿದಿಲ್ಲವೆಂದು ತಿಳಿಯಬಹುದು. ಗಟ್ಟಿಯಾಗಲು ಟ್ಯೂಬಿನ ಮೇಲೆ ನಮೂದಿಸಿದ ಅವಧಿಯನ್ನು ಪೂರ್ತಿ ಕೊಡಿ. ನೀರಿಗಿಳಿಸಿದ ಕೂಡಲೇ ಒಳಗಿನಿಂದ ಒಣ ಬಟ್ಟೆ ಒತ್ತಿ ನೋಡಿ, ಮರುದಿನವೂ ನೋಡಿ. ತೇವ ಕಂಡರೆ ಒಳಗಿನಿಂದ ಮೆತ್ತಿ ಸುಮ್ಮನಾಗದೆ ದೋಣಿಯನ್ನು ಮತ್ತೆ ಮೇಲೆತ್ತಬೇಕು, ಏಕೆಂದರೆ ಹೊರಗಿನ ನೀರಿನ ಒತ್ತಡ ಆ ಮೆತ್ತಿಗೆಯನ್ನು ಮೇಲ್ಮೈಯಿಂದ ಬಿಡಿಸುವ ದಿಕ್ಕಿಗೇ ತಳ್ಳುತ್ತಿರುತ್ತದೆ.