ಎದೆಯ ಕೀಹೋಲ್ ಆಪರೇಷನ್: ಗಾಯ ಚಿಕ್ಕದಾಯಿತು, ಚೇತರಿಕೆ?

ಹಾಸನ, ಚಿಕ್ಕಮಗಳೂರು ಕಡೆ ಈಗ "ಎದೆ ಕೊಯ್ಯಲಿಲ್ಲ, ತೂತು ಮಾಡಿ ಆಪರೇಷನ್ ಮಾಡಿದರು" ಅನ್ನುವವರು ಸಿಗುತ್ತಾರೆ. ಚಿಕ್ಕ ತೂತಿನಿಂದ ಕ್ಯಾಮೆರಾ, ಸಾಧನ ಇಳಿಸಿ ಮಾಡುವ ಇದನ್ನೇ ಕೀಹೋಲ್ ಆಪರೇಷನ್ ಅನ್ನುವುದು. ಶ್ವಾಸಕೋಶದ ಸುತ್ತ ಕೀವು ತುಂಬಿದವರು, ಗಡ್ಡೆ ತೆಗೆಸಿಕೊಂಡವರು ಬೆಂಗಳೂರಿಗೋ ಮಂಗಳೂರಿಗೋ ಹೋಗಿ ಕೆಲವೇ ದಿನಕ್ಕೆ ಊರಿಗೆ ವಾಪಸ್. ಹೊಲಿಗೆ ನೋಡಿದವರು "ಇಷ್ಟೇನಾ?" ಅನ್ನುತ್ತಾರೆ. ತೋಟದ ಕೆಲಸಕ್ಕೆ ಯಾವಾಗ ಬರ್ತೀಯ ಅನ್ನುವ ಪ್ರಶ್ನೆಯೂ ಬೇಗ ಬರುತ್ತದೆ. ನನ್ನ ತಕರಾರು ಇಲ್ಲೇ ಇದೆ.

ಈ ವಿಧಾನ ಹುಟ್ಟಿದ್ದು ಟಿಬಿ ಕಾಲದಲ್ಲಿ. ಆಗ ಔಷಧಿ ಇರಲಿಲ್ಲ. ಎದೆಗೆ ಗಾಳಿ ತುಂಬಿಸಿ, ಶ್ವಾಸಕೋಶವನ್ನು ಕುಗ್ಗಿಸಿ, ಅದಕ್ಕೆ ವಿಶ್ರಾಂತಿ ಕೊಡುತ್ತಿದ್ದರು. ಶ್ವಾಸಕೋಶ ಎದೆಗೋಡೆಗೆ ಅಂಟಿಕೊಂಡಿದ್ದರೆ ಅದು ಕುಗ್ಗುತ್ತಿರಲಿಲ್ಲ. 1910ರ ಹೊತ್ತಿಗೆ ಸ್ವೀಡನ್ನಿನ ಡಾ. ಯಾಕೋಬಿಯಸ್, ಮೂತ್ರಕೋಶ ನೋಡಲು ಬಳಸುವ ಕೊಳವೆಯನ್ನೇ ಎದೆಯೊಳಗೆ ಇಳಿಸಿ ನೋಡಿದರು. ಮುಂದೆ ಆ ಅಂಟುಗಳನ್ನು ಒಳಗಿನಿಂದಲೇ ಸುಟ್ಟು ಬಿಡಿಸಿದರು. 1940ರ ದಶಕದಲ್ಲಿ ಸ್ಟ್ರೆಪ್ಟೊಮೈಸಿನ್ ಬಂತು. ಟಿಬಿಗೆ ಔಷಧಿ ಸಿಕ್ಕ ಮೇಲೆ ಕೊಳವೆಯ ಬಳಕೆ ತುಂಬಾ ಕಡಿಮೆಯಾಯಿತು.

ಕ್ಯಾನ್ಸರ್ ಗಡ್ಡೆಗೆ ಮಾತ್ರ ಎದೆ ತೆರೆಯುವುದೇ ದಾರಿಯಾಗಿತ್ತು. ಪಕ್ಕೆಯಲ್ಲಿ ಉದ್ದಕ್ಕೆ ಕೊಯ್ದು, ಕಬ್ಬಿಣದ ಸಾಧನ ಹಾಕಿ ಪಕ್ಕೆಲುಬುಗಳನ್ನು ಅಗಲಿಸುತ್ತಿದ್ದರು. ಪ್ರತಿ ಪಕ್ಕೆಲುಬಿನ ಕೆಳ ಅಂಚಿನಲ್ಲೇ ಒಂದು ನರ ಓಡುತ್ತದೆ. ಅಗಲಿಸುವಾಗ ಅದು ಜಜ್ಜಿಹೋಗಬಹುದು. ಆಗ ಗಾಯ ಒಣಗಿದರೂ ನೋವು ಬಿಡುವುದಿಲ್ಲ. ತಿಂಗಳುಗಟ್ಟಲೆ ಉರಿ, ಜೋಮು. ಬಟ್ಟೆ ತಾಗಿದರೂ ಕೆಲವರಿಗೆ ಸಂಕಟ. ನೋವಿಗೆ ಹೆದರಿದವರು ಉಸಿರು ಜೋರಾಗಿ ಎಳೆಯುವುದಿಲ್ಲ, ಕೆಮ್ಮುವುದೂ ಇಲ್ಲ. ಕಫ ಒಳಗೇ ನಿಲ್ಲುತ್ತದೆ, ನ್ಯುಮೋನಿಯಾಕ್ಕೆ ದಾರಿಯಾಗುತ್ತದೆ. ಆಪರೇಷನ್ ಆದ ಮೇಲೆ ಚೆಂಡು ಮೇಲೇಳುವ ಆ ಪ್ಲಾಸ್ಟಿಕ್ ಡಬ್ಬಿ ಕೊಟ್ಟು "ಉಸಿರು ಎಳೀರಿ" ಅಂತ ಕಾಡುವುದು ಸುಮ್ನೆ ಅಲ್ಲ.

1980ರ ದಶಕದಲ್ಲಿ ಪುಟ್ಟ ಕ್ಯಾಮೆರಾಗಳು ಬಂದವು. 1990ರ ದಶಕದ ಶುರುವಿನಲ್ಲಿ ಪಕ್ಕೆಲುಬು ಅಗಲಿಸದೆ ಶ್ವಾಸಕೋಶದ ಒಂದು ಇಡೀ ಭಾಗವನ್ನೇ ತೆಗೆಯಲು ಸಾಧ್ಯವಾಯಿತು. ಆಮೇಲೆ ಒಂದೇ ತೂತಿನ ವಿಧಾನವೂ ಬಂತು.

ಇದರಿಂದ ರೋಗಿಗೆ ನಿಜಕ್ಕೂ ಎಷ್ಟು ಲಾಭ? ಇದಕ್ಕೆ ಗಟ್ಟಿ ಉತ್ತರ ಸಿಗಲು ಬಹಳ ಕಾಲ ಬೇಕಾಯಿತು. 2016ರಲ್ಲಿ ಪ್ರಕಟವಾದ ಡೆನ್ಮಾರ್ಕ್ ಅಧ್ಯಯನದಲ್ಲಿ ಕೀಹೋಲ್ ಆದವರಿಗೆ ನೋವು ಕಡಿಮೆ ಇತ್ತು. 2022ರಲ್ಲಿ ಬ್ರಿಟನ್ನಿನ 503 ರೋಗಿಗಳ ಅಧ್ಯಯನ ಬಂತು. ಅದು ಐದು ವಾರದ ನಂತರ ದೇಹ ಎಷ್ಟು ಕೆಲಸಕ್ಕೆ ಒದಗುತ್ತದೆ ಅಂತ ಕೇಳಿತು. ಕೀಹೋಲ್ ಆದವರೇ ಮುಂದಿದ್ದರು. ಆದರೆ ಆಸ್ಪತ್ರೆ ವಾಸದಲ್ಲಿ ವ್ಯತ್ಯಾಸ ಸುಮಾರು ಒಂದು ದಿನ ಮಾತ್ರ.

ಅಳೆದದ್ದು ಹೇಗೆ ಅಂದರೆ, ರೋಗಿಗಳನ್ನೇ ಕೇಳಿ. ಕ್ಯಾನ್ಸರ್ ರೋಗಿಗಳಿಗೆಂದೇ ಯುರೋಪಿನಲ್ಲಿ ಮಾಡಿದ 30 ಪ್ರಶ್ನೆಗಳ ಪಟ್ಟಿ ಇದೆ. ಅದರ ಮೊದಲ ಪ್ರಶ್ನೆಯೇ, ಭಾರದ ಚೀಲ ಅಥವಾ ಸೂಟ್‌ಕೇಸ್ ಎತ್ತಲು ಕಷ್ಟವಾಗುತ್ತದೆಯೇ ಎಂಬುದು. ಅಲ್ಲಿ ಅದು ಅಂಗಡಿಯ ಸಾಮಾನಿನ ಚೀಲ. ಮೂಡಿಗೆರೆ, ಸಕಲೇಶಪುರದಲ್ಲಿ ಕಾಫಿ ಹಣ್ಣಿನ ಮೂಟೆ, ಅದೂ ಇಳಿಜಾರಿನಲ್ಲಿ. ಮೆಣಸು ಕೊಯ್ಯಲು ಏಣಿ ಹತ್ತಿ ಕೈ ಮೇಲೆತ್ತಬೇಕು. ಎದೆಯ ಆಪರೇಷನ್ ಆದ ಕಡೆ ಭುಜ ಬಿಗಿಯುವುದು ಮಾಮೂಲು. ನೋವೆಂದು ತೋಳು ಆಡಿಸದೆ ಕೂತರೆ ಜಾಸ್ತಿ ಬಿಗಿಯುತ್ತದೆ. ಮನೆಯಲ್ಲಿ ಸೌದೆ ಒಲೆಯ ಹೊಗೆ, ಹೊರಗೆ ಜೂನ್‌ನಿಂದ ಬಿಡದ ಮಳೆ. ಐದು ವಾರಕ್ಕೆ ಬ್ರಿಟನ್ನಿನವರು ಹೇಗಿರುತ್ತಾರೋ ನಮ್ಮವರೂ ಹಾಗೇ ಇರುತ್ತಾರೆ ಅಂತ ಹೇಳಲಾಗದು, ಅಲ್ವಾ?

ತೂತು ಚಿಕ್ಕದಾದರೂ ಒಳಗೆ ಶ್ವಾಸಕೋಶ ಕತ್ತರಿಸುವುದು ಮೊದಲಿನಷ್ಟೇ. ಸಾಧನವೂ, ಆಮೇಲೆ ಗಾಳಿ, ನೀರು ಹೊರಬರಲು ಎದೆಗೆ ಹಾಕುವ ಟ್ಯೂಬೂ ಅದೇ ನರದ ಪಕ್ಕದಲ್ಲೇ ಹಾಯುತ್ತವೆ. ಹಾಗಾಗಿ ಕೀಹೋಲ್ ಆದ ಕೆಲವರಿಗೂ ನೋವು ಉಳಿಯುತ್ತದೆ. ಅದನ್ನು ಸೋಮಾರಿತನ ಅನ್ನಬೇಡಿ.

ಡಿಸ್ಚಾರ್ಜ್ ಚೀಟಿಯಲ್ಲಿ "ಭಾರದ ಕೆಲಸ ಬೇಡ" ಅಂತ ಬರೆದರೆ ದಿನಗೂಲಿಯವರಿಗೆ ಏನೂ ತಿಳಿಯುವುದಿಲ್ಲ. ಎಷ್ಟು ಕೆ.ಜಿ., ಎಷ್ಟು ವಾರ, ಏಣಿ ಯಾವಾಗ ಅಂತ ಕನ್ನಡದಲ್ಲಿ ಬರೆಯಬೇಕು. ಉಸಿರಾಟದ ಮತ್ತು ಭುಜದ ವ್ಯಾಯಾಮ ಕಲಿಸಲು ರೋಗಿಯನ್ನು ಮತ್ತೆ ಬೆಂಗಳೂರಿಗೆ ಕರೆಸಬೇಕಿಲ್ಲ. ಹಾಸನದಲ್ಲಿ 2006ರಿಂದ ಸರ್ಕಾರಿ ಮೆಡಿಕಲ್ ಕಾಲೇಜಿದೆ, ಈಗ ಚಿಕ್ಕಮಗಳೂರಿನಲ್ಲೂ ಇದೆ. ಆಪರೇಷನ್ ಮಾಡಿದವರು ಅಲ್ಲಿನ ಫಿಸಿಯೋಥೆರಪಿಯವರಿಗೆ ಒಂದು ಪತ್ರ ಬರೆದುಕೊಟ್ಟರೆ ಕೆಲಸ ಶುರುವಾಗುತ್ತದೆ. ಜ್ವರ, ಹೆಚ್ಚುವ ಏದುಸಿರು, ಟ್ಯೂಬ್ ಹಾಕಿದ ಜಾಗದಲ್ಲಿ ಕೀವು ಕಂಡರೆ ಮಾತ್ರ ಮುಂದಿನ ತಾರೀಖಿಗೆ ಕಾಯದೆ ಅದೇ ದಿನ ಹತ್ತಿರದ ಆಸ್ಪತ್ರೆಗೆ ಹೋಗಬೇಕು.